ಹತ್ತು ಗುರುವಾರಗಳ ಚಪ್ಪಾಳೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಸಾಫ್ಟ್‌ವೇರ್ ಬಗ್ಗೆ ಎರಡು ಮಾತು ಹೇಳಿ, ಮಕ್ಕಳಿಗೆ ಸ್ಫೂರ್ತಿ ಬರಲಿ ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ಆದರೆ ಬೆಳಿಗ್ಗೆ ಹತ್ತನೇ ತರಗತಿಯ ಮಕ್ಕಳ ಜೊತೆ ಮಾತಾಡಿದೆ. ಮೊಬೈಲ್, ಕಂಪ್ಯೂಟರ್ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡಬೇಕಾದ್ದು ಹೆಚ್ಚೇನೂ ಉಳಿದಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲಿದ್ದಾಗ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಅದು ಚಪ್ಪಾಳೆಗೆ ಸಂಬಂಧಿಸಿದ್ದು. ಬೆಳಿಗ್ಗೆಯಿಂದ ಈ ಪೆಂಡಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಲೇ ಇದ್ದೇವೆ, ಹಾಗಾಗಿ ವಿಷಯ ಹೊರಗಿನದೇನಲ್ಲ.

2018ರಿಂದ ನಾಲ್ಕು ವರ್ಷ ಕಂಪನಿಯ ಕೆಲಸದ ಮೇಲೆ ನಾನು ರೆಡಿಂಗ್ ಎಂಬ ಊರಿನಲ್ಲಿದ್ದೆ. ಲಂಡನ್ನಿನ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರ. ನಮ್ಮ ಬೀದಿಯಲ್ಲಿ ಎರಡೂ ಬದಿಗೆ ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆಯ ಮನೆಗಳು. ಗೋಡೆ ಅಂಟಿದ್ದರೂ ಮಾತು ಅಂಟಿರಲಿಲ್ಲ. ಎದುರಾದರೆ ಒಂದು ಮುಗುಳ್ನಗೆ, ಮಳೆಯ ಬಗ್ಗೆ ಒಂದು ವಾಕ್ಯ, ಮುಗಿಯಿತು. ಒಂದೂವರೆ ವರ್ಷ ಕಳೆದರೂ ಎಡಗಡೆಯ ಮನೆಯವರ ಹೆಸರು ನನಗೂ ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

2020ರ ಮಾರ್ಚ್ 23ರ ರಾತ್ರಿ ಅಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಮೂರು ದಿನ ಕಳೆದು, ಮಾರ್ಚ್ 26ರ ಗುರುವಾರ ರಾತ್ರಿ ಎಂಟು ಗಂಟೆಗೆ ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿದರು. ಇದಕ್ಕೆ ಮೊದಲು ಕರೆ ಕೊಟ್ಟದ್ದು ಸರ್ಕಾರವಲ್ಲ. ಆನ್‌ಮರೀ ಪ್ಲಾಸ್ ಎಂಬ, ನೆದರ್‌ಲ್ಯಾಂಡ್ಸ್‌ನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಹೆಣ್ಣುಮಗಳು. ತಮ್ಮ ತಾಯ್ನಾಡಿನಲ್ಲಿ ಜನ ಹೀಗೆ ಚಪ್ಪಾಳೆ ತಟ್ಟಿದ್ದನ್ನು ನೋಡಿ, ನಾವೂ ಮಾಡೋಣ ಎಂದು ಅವರು ಅಂತರಜಾಲದಲ್ಲಿ ಹಾಕಿದ ಕರೆ ದೇಶಕ್ಕೆಲ್ಲ ಹರಡಿತು. ಒಂದೇ ದಿನಕ್ಕೆಂದು ಶುರುವಾದದ್ದು ಪ್ರತಿ ಗುರುವಾರದ ರೂಢಿಯಾಯಿತು.

ಆ ದೇಶದವರಿಗೆ ಆಸ್ಪತ್ರೆಯೆಂದರೆ ಎನ್.ಎಚ್.ಎಸ್., ಅಂದರೆ ರಾಷ್ಟ್ರೀಯ ಆರೋಗ್ಯ ಸೇವೆ. ಎರಡನೇ ಮಹಾಯುದ್ಧದಲ್ಲಿ ದೇಶ ಸೋತು ಸುಣ್ಣವಾಗಿದ್ದಾಗ, 1948ರ ಜುಲೈ 5ರಂದು ಅದು ಶುರುವಾಯಿತು. ತೆರಿಗೆಯ ಹಣದಲ್ಲಿ ನಡೆಯುತ್ತದೆ. ಬಡವನಿರಲಿ, ಸಾಹುಕಾರನಿರಲಿ, ವೈದ್ಯರನ್ನು ಕಂಡು ಹೊರಬರುವಾಗ ಯಾರೂ ಬಿಲ್ ಕೊಡುವುದಿಲ್ಲ. ಹಾಗಾಗಿ ಅಲ್ಲಿನವರಿಗೆ ಅದರ ಮೇಲೆ, ನಮಗೆ ಈ ಶಾಲೆಯ ಮೇಲಿರುವಂಥದೇ ಅಭಿಮಾನ. ಮಕ್ಕಳು ಕಾಗದದ ಮೇಲೆ ಕಾಮನಬಿಲ್ಲು ಬರೆದು, ಕೆಳಗೆ ಧನ್ಯವಾದ ಎಂದು ಬರೆದು ಕಿಟಕಿಗಳಿಗೆ ಅಂಟಿಸಿದ್ದರು.

ಮೊದಲ ಗುರುವಾರ ಎಂಟು ಗಂಟೆಗೆ ಕತ್ತಲಾಗಿತ್ತು. ಎಲ್ಲಿಂದಲೋ ಚಪ್ಪಾಳೆ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಊರಿನಿಂದ ಒಯ್ದಿದ್ದ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಿದಳು. ಎದುರಿನವರು ಬಾಣಲೆ ತಂದರು. ಆ ದೇಶದಲ್ಲಿ ಬೇಸಿಗೆ ಬಂದ ಹಾಗೆ ಹೊತ್ತು ಮುಳುಗುವುದು ತಡವಾಗುತ್ತ ಹೋಗುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಎಂಟು ಗಂಟೆಗೆ ಇನ್ನೂ ಬೆಳಕಿತ್ತು. ವಾರಕ್ಕೊಂದಿಷ್ಟು ಬೆಳಕು ಹೆಚ್ಚಿದ ಹಾಗೆ ವಾರಕ್ಕೊಂದಿಷ್ಟು ಮುಖಗಳ ಪರಿಚಯವೂ ಹೆಚ್ಚಿತು. ಚಪ್ಪಾಳೆ ಎರಡು ನಿಮಿಷದಲ್ಲಿ ಮುಗಿದರೆ, ಬೇಲಿಯ ಆಚೆ ಈಚೆ ನಿಂತ ಮಾತು ಅರ್ಧ ಗಂಟೆ ನಡೆಯುತ್ತಿತ್ತು. ಯಾರಿಗೆ ಔಷಧಿ ತರಬೇಕು, ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ ಎಂಬುದೆಲ್ಲ ಅಲ್ಲಿಯೇ ಗೊತ್ತಾಗುತ್ತಿತ್ತು. ಬೀದಿಗೊಂದು ವಾಟ್ಸಾಪ್ ಗುಂಪೂ ಆಯಿತು.

ಒಂದು ಗುರುವಾರ ಮೂಲೆಮನೆಯ ಅಜ್ಜ ಬಾಗಿಲಿಗೆ ಬರಲಿಲ್ಲ. ಒಂಟಿ ಮನುಷ್ಯ. ಅಪಾಯ ಹೆಚ್ಚಿರುವವರು ಹನ್ನೆರಡು ವಾರ ಮನೆಯಿಂದ ಹೊರಡಬೇಡಿ ಎಂದು ಸರ್ಕಾರ ಪತ್ರ ಕಳಿಸಿದ್ದವರಲ್ಲಿ ಅವರೂ ಒಬ್ಬರು. ಪಕ್ಕದ ಮನೆಯಾಕೆ ಫೋನ್ ಮಾಡಿದರು, ಎತ್ತಲಿಲ್ಲ. ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ನೋಡಿದರೆ ಅಜ್ಜ ಅಡುಗೆಮನೆಯಲ್ಲಿ ಬಿದ್ದು ಏಳಲಾರದೆ ಇದ್ದರು. ಆಂಬುಲೆನ್ಸ್ ಬಂತು, ಉಳಿದುಕೊಂಡರು. ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಮೇಷ್ಟ್ರು ತಲೆ ಎತ್ತಿ ನೋಡುತ್ತಿದ್ದರಲ್ಲ, ಹಾಗೆ. ಆಸ್ಪತ್ರೆಯವರಿಗಾಗಿ ತಟ್ಟಿದ ಚಪ್ಪಾಳೆ ನಮ್ಮ ಬೀದಿಗೆ ಹಾಜರಿ ಪುಸ್ತಕವಾಗಿತ್ತು.

ಇನ್ನು, ಯಾರಿಗಾಗಿ ತಟ್ಟುತ್ತಿದ್ದೆವೋ ಅವರ ಮಾತು. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಕೇರಳದ ಒಬ್ಬ ನರ್ಸ್ ಇದ್ದರು. ನಾವು ಚೇಚಿ ಎಂದೇ ಕರೆಯುತ್ತಿದ್ದೆವು. ಅಲ್ಲಿನ ಆಸ್ಪತ್ರೆಗಳಲ್ಲಿ ನಮ್ಮ ದೇಶದ, ಫಿಲಿಪ್ಪೀನ್ಸಿನ, ಆಫ್ರಿಕಾದ ನರ್ಸುಗಳು ಸಾವಿರಾರು ಮಂದಿ. ಕೋವಿಡ್‌ನಿಂದ ಮೊದಲು ತೀರಿಕೊಂಡ ಅಲ್ಲಿನ ವೈದ್ಯರಲ್ಲಿ ಹೆಚ್ಚಿನವರೂ ಹೊರದೇಶಗಳ ಮೂಲದವರೇ. ಏಪ್ರಿಲ್ 28ರಂದು ಬೆಳಿಗ್ಗೆ ಹನ್ನೊಂದಕ್ಕೆ ಇಡೀ ದೇಶ ಒಂದು ನಿಮಿಷ ಮೌನವಾಗಿ ನಿಂತಿತು. ಅಂದು ಚೇಚಿ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದರು. ಮೂಗಿನ ಮೇಲೆ ಮಾಸ್ಕಿನ ಗಾಯವಿತ್ತು.

ಚಪ್ಪಾಳೆ ಕೇಳಿದರೆ ಏನನ್ನಿಸುತ್ತದೆ ಚೇಚಿ ಎಂದು ನನ್ನ ಹೆಂಡತಿ ಕೇಳಿದಳು. ಅವರು ಹೇಳಿದ್ದು ಇಷ್ಟು: "ಕಣ್ಣಲ್ಲಿ ನೀರು ಬರುತ್ತದೆ ಮೋಳೆ. ಆದರೆ ನಾಳೆ ವಾರ್ಡಿನಲ್ಲಿ ಗೌನು ಸಾಕಷ್ಟು ಇರುತ್ತದೋ ಇಲ್ಲವೋ ಅಂತ ಯೋಚನೆಯೂ ಬರುತ್ತದೆ." ಎರಡೂ ಮಾತು ನಿಜ. ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡರೆ ಅರ್ಧ ಕೇಳಿಸಿಕೊಂಡ ಹಾಗೆ.

ಅವರ ಇನ್ನೊಂದು ಚಿಂತೆ ನಮಗೂ ಗೊತ್ತಿದ್ದದ್ದೇ. ವೀಸಾದ ಮೇಲೆ ಆ ದೇಶದಲ್ಲಿರುವವರು ತೆರಿಗೆಯ ಜೊತೆಗೆ ಆರೋಗ್ಯ ಸೇವೆಗೆಂದು ತಲೆಗೆ ವರ್ಷಕ್ಕೆ 400 ಪೌಂಡ್ ಬೇರೆ ಕಟ್ಟಬೇಕಿತ್ತು. ನಾನೂ ಕಟ್ಟಿದ್ದೇನೆ. ನನ್ನಂಥವನ ವಿಷಯ ಬಿಡಿ, ಅದೇ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತು ದುಡಿಯುವ ನರ್ಸ್ ಕೂಡ ಆ ಸೇವೆಗೆ ಹಣ ಕಟ್ಟಬೇಕಿತ್ತು! ಮೇ 20ರಂದು ಪ್ರಧಾನಿ ಸಂಸತ್ತಿನಲ್ಲಿ ಆ ಶುಲ್ಕವನ್ನು ಸಮರ್ಥಿಸಿಕೊಂಡರು. ಇವರಿಗಾಗಿಯೇ ಚಪ್ಪಾಳೆ ತಟ್ಟಿ ಇವರಿಂದಲೇ ದುಡ್ಡು ವಸೂಲಿಯೇ ಎಂಬ ಪ್ರಶ್ನೆ ಎಲ್ಲೆಡೆ ಎದ್ದಿತು, ಅವರ ಪಕ್ಷದವರೂ ಕೆಲವರು ಕೇಳಿದರು. ಮರುದಿನವೇ, ಮೇ 21ರಂದು, ಆರೋಗ್ಯ ಮತ್ತು ಆರೈಕೆಯ ಕೆಲಸದವರಿಗೆ ಶುಲ್ಕ ಬೇಡ ಎಂದು ಸರ್ಕಾರ ಹೇಳಿತು. ಅದು ಗುರುವಾರ, ಒಂಬತ್ತನೆಯ ಚಪ್ಪಾಳೆಯ ದಿನ. ಆ ಸಂಜೆ ನಮ್ಮ ಬೀದಿಯ ತಟ್ಟೆ ಬಾಣಲೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಹತ್ತನೆಯ ವಾರಕ್ಕೆ, ಮೇ 28ಕ್ಕೆ, ಇದನ್ನು ನಿಲ್ಲಿಸೋಣ ಎಂದು ಶುರು ಮಾಡಿದ ಆನ್‌ಮರೀ ಪ್ಲಾಸ್ ಅವರೇ ಹೇಳಿದರು. ಇದು ರಾಜಕೀಯವಾಗುತ್ತಿದೆ, ಜನರ ಉತ್ಸಾಹ ಇಳಿಯುವ ಮೊದಲೇ ನಿಲ್ಲಲಿ ಎಂಬುದು ಅವರ ಅಭಿಪ್ರಾಯ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಒಂದು ವಿವೇಕ.

ಮುಂದಿನದು ಅಷ್ಟು ಸಂತೋಷದ ಕಥೆಯಲ್ಲ. 2021ರ ಮಾರ್ಚ್‌ನಲ್ಲಿ ಇದೇ ನರ್ಸುಗಳಿಗೆ ಶೇಕಡ 1ರ ಸಂಬಳ ಏರಿಕೆ ಸಾಕು ಎಂದು ಸರ್ಕಾರ ಹೇಳಿತು. ಗಲಾಟೆಯಾದ ಮೇಲೆ ಜುಲೈನಲ್ಲಿ ಅದು ಶೇಕಡ 3 ಆಯಿತು. 2022ರ ಡಿಸೆಂಬರ್‌ನಲ್ಲಿ ನರ್ಸುಗಳು ಮುಷ್ಕರ ಹೂಡಿದರು. 1916ರಲ್ಲಿ ಸ್ಥಾಪನೆಯಾದ ಅವರ ಸಂಘ, ರಾಯಲ್ ಕಾಲೇಜ್ ಆಫ್ ನರ್ಸಿಂಗ್, ಅಷ್ಟು ದೊಡ್ಡ ಮುಷ್ಕರವನ್ನು ಹಿಂದೆಂದೂ ನಡೆಸಿರಲಿಲ್ಲ. ನಾನಾಗಲೇ ಬೆಂಗಳೂರಿಗೆ ಮರಳಿದ್ದೆ. ಚೇಚಿಯೂ ಚಳಿಯಲ್ಲಿ ಆಸ್ಪತ್ರೆಯ ಮುಂದೆ ಫಲಕ ಹಿಡಿದು ನಿಂತ ಫೋಟೋ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಅವರಿಗೆ ಫ್ಲಾಸ್ಕಿನಲ್ಲಿ ಬಿಸಿ ಚಹಾ ಕೊಡುತ್ತಿದ್ದವರು ಯಾರು ಗೊತ್ತೇ? ಅಂದು ಬಾಣಲೆ ಬಾರಿಸಿದ್ದ ಎದುರುಮನೆಯವರು. ಚಪ್ಪಾಳೆಯಿಂದ ಸಂಬಳ ಏರಲಿಲ್ಲ ನಿಜ. ಆದರೆ ಆ ಹತ್ತು ಗುರುವಾರಗಳಲ್ಲಿ ಆದ ಗುರುತು ಎರಡೂವರೆ ವರ್ಷದ ಮೇಲೂ ಚಳಿಯಲ್ಲಿ ಚಹಾ ತಂದು ನಿಲ್ಲಿಸಿತು.

ನಮ್ಮಲ್ಲಿಯೂ 2020ರ ಮಾರ್ಚ್ 22ರ ಭಾನುವಾರ, ಜನತಾ ಕರ್ಫ್ಯೂ ದಿನ, ಸಂಜೆ ಐದಕ್ಕೆ ತಟ್ಟೆ ಜಾಗಟೆಗಳು ಮೊಳಗಿದವು. ಅಮ್ಮ ಫೋನಿನಲ್ಲಿ ಆ ಸದ್ದು ಕೇಳಿಸಿದ್ದಳು. ಆಮೇಲೆ ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರು ಹೊರಗಿನಿಂದ ಬಂದವರು ಎಂದು ಬರೆದುಕೊಂಡವರು ಆಶಾ ಕಾರ್ಯಕರ್ತೆಯರು. ಅದೇ ಜುಲೈನಲ್ಲಿ, ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೊಡಿ ಎಂದು ಅವರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಬೇಕಾಯಿತು. ರೆಡಿಂಗಿನ ಚೇಚಿ ಕೇಳಿದ್ದೂ ನಮ್ಮೂರಿನ ಆಶಾ ಅಕ್ಕಂದಿರು ಕೇಳಿದ್ದೂ ಒಂದೇ.

ನಮ್ಮ ಬ್ಯಾಚಿನ ಒಬ್ಬ ಗೆಳತಿ ಇಂದು ಆಶಾ ಕಾರ್ಯಕರ್ತೆ. ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಹೆಸರು ಹೇಳಿದರೆ ಬೈಯುತ್ತಾಳೆ, ಹೇಳುವುದಿಲ್ಲ. ಲಾಕ್‌ಡೌನಿನಲ್ಲಿ ನನ್ನ ಅಪ್ಪನ ಬಿ.ಪಿ. ಮಾತ್ರೆಯನ್ನು ಬಿಸಿಲಲ್ಲಿ ನಡೆದು ತಂದು ಕೊಟ್ಟವಳು ಅವಳು. ಹೊರಗೆ ಹೋದವನೆಂದು ನೀವು ನನಗೆ ಶಾಲು, ಪೇಟ ಕೊಟ್ಟಿರಿ. ಪ್ರೀತಿಯಿಂದ ಸ್ವೀಕರಿಸಿದ್ದೇನೆ. ಊರಲ್ಲೇ ಉಳಿದು ಊರು ಕಾಯ್ದವರನ್ನೂ ಈ ವೇದಿಕೆಗೆ ಕರೆಯಬೇಕೆಂಬುದು ಸಂಘಕ್ಕೆ ನನ್ನ ಮೊದಲ ಕೋರಿಕೆ.

ಎರಡನೆಯದು ಕೋರಿಕೆಯಲ್ಲ, ತಿಳಿಸುವ ವಿಷಯ. ಈ ಶಾಲೆಯಿಂದ ಹೊರಟು ಪಿ.ಯು.ಸಿ. ಮುಗಿಸಿ ಜಿ.ಎನ್.ಎಂ. ನರ್ಸಿಂಗ್ ಸೇರುವ ಇಬ್ಬರು ಮಕ್ಕಳ ಮೊದಲ ವರ್ಷದ ಶುಲ್ಕವನ್ನು ಪ್ರತಿ ವರ್ಷ ಕಟ್ಟಬೇಕೆಂದು ನಮ್ಮ ಬ್ಯಾಚಿನವರು ನಿರ್ಧರಿಸಿದ್ದೇವೆ. ಉಳಿದ ಬ್ಯಾಚಿನವರು ಕೈ ಸೇರಿಸಿದರೆ ಇಬ್ಬರು ನಾಲ್ವರಾಗಬಹುದು. ಲೆಕ್ಕಪತ್ರ ನೋಡಿಕೊಳ್ಳಲು ಮೂರನೇ ಸಾಲಿನ ಗೆಳತಿಯನ್ನೇ ಒಪ್ಪಿಸಿದ್ದೇವೆ.

ಮಕ್ಕಳೇ, ನೀವು ಎಂಜಿನಿಯರ್ ಆಗಿ, ಸಂತೋಷ. ನರ್ಸ್ ಆಗುತ್ತೇನೆ ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ ಇನ್ನೂ ಸಂತೋಷ. ಅರ್ಜಿ ನಮೂನೆ ಆಫೀಸಿನಲ್ಲಿದೆ, ಜೂನ್‌ನಿಂದ ಸಿಗುತ್ತದೆ.