ಬೋರಿಬಂದರಿನಲ್ಲಿ ಇಳಿದವರು ತಲೆಯೆತ್ತಿ ನೋಡಿ



ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ, ಪುಣೆ ಎಲ್ಲ ದಾಟಿ, ಬೋರ್ ಘಾಟ್ ಇಳಿದು, ಕೊನೆಗೆ ಗಾಡಿ ನಿಲ್ಲುವ ಕಡೆ ಹಳಿಯೇ ಮುಗಿದುಹೋಗುತ್ತದೆ. ಆಚೆ ಇರುವುದು ಮುಂಬಯಿ. ಆ ನಿಲ್ದಾಣದ ಈಗಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. 1996ರಲ್ಲಿ ಶಿವಾಜಿಯ ಹೆಸರಿಟ್ಟರು, 2017ರಲ್ಲಿ ಅದಕ್ಕೆ ‘ಮಹಾರಾಜ್’ ಸೇರಿತು. ಆದರೆ ಟ್ಯಾಕ್ಸಿಯವರ ಬಾಯಲ್ಲಿ ಇವತ್ತಿಗೂ ಅದು ವಿ.ಟಿ., ವಿಕ್ಟೋರಿಯಾ ಟರ್ಮಿನಸ್. ಇನ್ನೂ ಹಳಬರಿಗೆ ಬೋರಿಬಂದರ್. ಬೋರಿ ಅಂದರೆ ಗೋಣಿಚೀಲ. ಮೂಟೆಗಳನ್ನು ಇಳಿಸಿ ಒಟ್ಟುತ್ತಿದ್ದ ಬಂದರು ಅದು.

ಫೋರ್ಟ್ ಭಾಗದಲ್ಲಿ ನನಗೆ ಕೆಲಸ. ವರ್ಷಗಟ್ಟಲೆ ದಿನಕ್ಕೆರಡು ಸಲ ಈ ನಿಲ್ದಾಣದೊಳಗೆ ಹಾದುಹೋದೆ. ಕಣ್ಣು ಯಾವಾಗಲೂ ಇಂಡಿಕೇಟರ್ ಮೇಲೆ: ಕಲ್ಯಾಣ್ ಫಾಸ್ಟ್ ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರ್ಮಿಗೆ. ಒಂದು ಮಳೆಗಾಲದ ಸಂಜೆ ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳೆಲ್ಲ ನಿಂತವು. ಕಂಬಕ್ಕೊರಗಿ ಕಾಯುತ್ತಾ ತಲೆಯೆತ್ತಿದೆ. ಕಂಬದ ನೆತ್ತಿಯಲ್ಲಿ ಕಲ್ಲೆಲೆಗಳು ಸುರುಳಿ ಬಿಚ್ಚಿಕೊಂಡಿದ್ದವು, ಎಲೆಗಳ ನಡುವೆ ಒಂದು ಹಕ್ಕಿ ಕೂತಿತ್ತು. ಪಕ್ಕದ ಕಂಬ ನೋಡಿದೆ. ಎಲೆಯೂ ಬೇರೆ, ಹಕ್ಕಿಯೂ ಬೇರೆ. ಗಾಡಿ ಬಿಡುವ ಹೊತ್ತಿಗೆ ನನಗೆ ಹೊರಡುವ ಮನಸ್ಸಿರಲಿಲ್ಲ. ಅವತ್ತಿನಿಂದ ಈ ಕಟ್ಟಡವನ್ನು ಓದುತ್ತಿದ್ದೇನೆ.

ಕಟ್ಟಡಕ್ಕಿಂತ ಮೊದಲು ಹಳಿ ಬಂತು. 1853ರ ಏಪ್ರಿಲ್ 16, ಮಧ್ಯಾಹ್ನ ಮೂರೂವರೆಯ ಸುಮಾರು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು 14 ಡಬ್ಬಿಗಳನ್ನೂ ಸುಮಾರು 400 ಅತಿಥಿಗಳನ್ನೂ ಎಳೆದುಕೊಂಡು ಬೋರಿಬಂದರಿನಿಂದ ಠಾಣೆಗೆ ಹೊರಟವು. ದೂರ 34 ಕಿಲೋಮೀಟರ್. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಅದು. ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಲಂಡನ್ನಿನಲ್ಲಿ 1849ರಲ್ಲಿ ಹುಟ್ಟಿದ ಕಂಪನಿ. ಹಣ ಹೂಡಿದವರಿಗೆ ನೂರಕ್ಕೆ 5ರಂತೆ ಲಾಭ ಖಾತ್ರಿಯಾಗಿತ್ತು. ಗಳಿಕೆ ಸಾಲದೇ ಹೋದರೆ ಕೊರತೆ ತುಂಬುತ್ತಿದ್ದುದು ಈ ದೇಶದ ಬೊಕ್ಕಸ. ದಖ್ಖನಿನ ಹತ್ತಿ ಬೇಗ ಹಡಗು ಸೇರಬೇಕು, ಲ್ಯಾಂಕಶೈರಿನ ಗಿರಣಿಗಳಿಗೆ ತಲುಪಬೇಕು; ಆತುರ ಇದ್ದದ್ದು ಅದಕ್ಕೆ. ಅಡ್ಡ ನಿಂತ ಸಹ್ಯಾದ್ರಿಯನ್ನು ಒಡೆದು ಬೋರ್ ಘಾಟಿನ ದಾರಿ ತೆರೆದದ್ದು 1863ರಲ್ಲಿ. ಅಲ್ಲಿ ದುಡಿದವರ ಸಂಖ್ಯೆ ಒಂದು ಹಂತದಲ್ಲಿ 40,000 ದಾಟಿತ್ತು. ಕಾಲರಾಕ್ಕೆ, ಜ್ವರಕ್ಕೆ, ಸಿಡಿದ ಬಂಡೆಗೆ ಸಿಕ್ಕಿ ಸತ್ತ ಸಾವಿರಾರು ಮಂದಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ವಿ.ಟಿ.ಯ ಚೆಲುವನ್ನು ಹೊಗಳುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ, ನೆನಪಾಗಲೇಬೇಕು.

ಘಾಟ್ ಹತ್ತಿದ ಹಳಿ ಪುಣೆ, ಸೊಲ್ಲಾಪುರ, ಕಲಬುರಗಿಗಳನ್ನು ಹಾದು 1871ರಲ್ಲಿ ನಮ್ಮ ರಾಯಚೂರಿಗೆ ಬಂತು. ಆ ಕಡೆಯಿಂದ ಮದ್ರಾಸ್ ರೈಲ್ವೆ ಬಂದು ಸೇರಿತು. ಮುಂಬಯಿಯೂ ಮದರಾಸೂ ಹಳಿಯ ಮೇಲೆ ಕೈಕುಲುಕಿದ್ದು ಕನ್ನಡದ ನೆಲದಲ್ಲಿ! ಬೋರಿಬಂದರಿನಲ್ಲಿ ಈ ಕಟ್ಟಡಕ್ಕೆ ಇನ್ನೂ ಪಾಯ ತೋಡಿರಲಿಲ್ಲ. ನಮ್ಮವರು ಆಗಲೇ ಅಲ್ಲಿಗೆ ಹೋಗಿ ಇಳಿಯಬಹುದಾಗಿತ್ತು.

ಪಾಯ ತೋಡಿದ್ದು 1878ರಲ್ಲಿ. ವಾಸ್ತುಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಇಂಗ್ಲೆಂಡಿನ ಬಾತ್ ನಗರದವನು, ಇಪ್ಪತ್ತರ ವಯಸ್ಸಿಗೇ ಲೋಕೋಪಯೋಗಿ ಇಲಾಖೆಯ ನೌಕರಿಗೆಂದು ಇಲ್ಲಿಗೆ ಬಂದವನು. ಈ ಕೆಲಸ ಕೈಗೆ ಬಂದ ಮೇಲೆ ಯುರೋಪಿಗೆ ಹೋಗಿ ಅಲ್ಲಿನ ನಿಲ್ದಾಣಗಳನ್ನು ನೋಡಿಕೊಂಡು ಬಂದ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ನೆರಳು ಇಲ್ಲಿ ಕಾಣುತ್ತದೆ ಎನ್ನುತ್ತಾರೆ, ನಿಜವೇ. ಆದರೆ ನೆರಳು ಅಷ್ಟೇ. ಕಟ್ಟುವುದಕ್ಕೆ 10 ವರ್ಷ, 16 ಲಕ್ಷ ರೂಪಾಯಿಗೂ ಮೀರಿದ ಖರ್ಚು. ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 50 ವರ್ಷ ತುಂಬಿದ 1887ರಲ್ಲಿ ಅವಳ ಹೆಸರಿಟ್ಟರು.

ಈಗ ನನ್ನ ಜೊತೆ ರಸ್ತೆ ದಾಟಿ ಬನ್ನಿ. ಎದುರಿಗೆ ನಗರಪಾಲಿಕೆಯ ಕಟ್ಟಡವಿದೆ, ಅದೂ ಸ್ಟೀವನ್ಸನದೇ. ಅಲ್ಲಿ ನಿಂತು ತಿರುಗಿ ನೋಡಿ. ನಡುವೆ ಎತ್ತರದ ಗುಮ್ಮಟ, ಅದರ ಎರಡೂ ಬದಿಗೆ ತೋಳು ಚಾಚಿದಂತೆ ಎರಡು ರೆಕ್ಕೆಗಳು, ತೋಳುಗಳ ನಡುವೆ ಅಂಗಳ. ಹಳೇ ವಾಡೆಗಳ ಅಂಗಳ ಕಂಡವರಿಗೆ ಈ ವಿನ್ಯಾಸ ಹೊಸದೆನಿಸುವುದಿಲ್ಲ. ಇದು ರೈಲು ಹತ್ತುವ ಜಾಗಕ್ಕಿಂತ ಹೆಚ್ಚಾಗಿ ಕಂಪನಿಯ ಕಚೇರಿ. ಇಂದಿಗೂ ಮಧ್ಯ ರೈಲ್ವೆಯ ಮುಖ್ಯ ಕಚೇರಿ ಇದೇ. ರೈಲುಗಳು ಪಕ್ಕದಲ್ಲಿ, ಹಿಂದೆ.

ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಗುಮ್ಮಟದ ತುದಿಯಲ್ಲಿ ನಿಂತಿರುವ ಹೆಂಗಸು ‘ಪ್ರಗತಿ’: ಎತ್ತಿದ ಕೈಯಲ್ಲಿ ಪಂಜು, ಇನ್ನೊಂದು ಕೈಯ ಹತ್ತಿರ ಗಾಲಿ. ಥಾಮಸ್ ಅರ್ಪ್ ಎಂಬ ಶಿಲ್ಪಿಯ ಕೆಲಸ ಇವು. ಗಡಿಯಾರದ ಕೆಳಗೆ ಗೂಡೊಂದು ಖಾಲಿ ಕಾಣುತ್ತದೆ. ಅಲ್ಲಿ ವಿಕ್ಟೋರಿಯಾ ಇದ್ದಳು. ಸ್ವಾತಂತ್ರ್ಯ ಬಂದ ಮೇಲೆ ಅವಳನ್ನು ತೆಗೆದರು. ಮುಖಗೋಡೆಯ ವೃತ್ತಗಳೊಳಗಿನ ಮುಖಗಳನ್ನು ಹುಡುಕಿ ನೋಡಿ. ಕಂಪನಿಯ ದೊರೆಗಳ ನಡುವೆ ಜಗನ್ನಾಥ ಶಂಕರಶೇಠ್ ಇದ್ದಾರೆ, ಜಮ್ಶೆಟ್ಜಿ ಜೀಜೀಭಾಯ್ ಇದ್ದಾರೆ. ಮುಂಬಯಿಗೆ ರೈಲು ಬರಲೆಂದು ಓಡಾಡಿದ ಇಲ್ಲಿಯ ಮಂದಿ ಅವರು.

ಆ ಗುಮ್ಮಟಕ್ಕೆ ಎಂಟು ಮೂಲೆ, ಕಲ್ಲಿನ ಪಕ್ಕೆಲುಬುಗಳು. ಇಟಲಿಯ ಗೋಥಿಕ್ ಶೈಲಿಯ ಕಟ್ಟಡದ ಮೇಲೆ ಅಂಥ ಗುಮ್ಮಟ ಕೂರಿಸಿದ್ದು ಇಲ್ಲೇ ಮೊದಲು ಎನ್ನುತ್ತಾರೆ. ಅದರಡಿಯಲ್ಲಿ ದೊಡ್ಡ ಮೆಟ್ಟಿಲಸಾಲು. ಒಂದೊಂದು ಕಲ್ಲಿನ ಮೆಟ್ಟಿಲೂ ಒಂದು ತುದಿಯನ್ನು ಮಾತ್ರ ಗೋಡೆಗೆ ಕೊಟ್ಟು, ಇನ್ನೊಂದು ತುದಿಯನ್ನು ಗಾಳಿಗೆ ಬಿಟ್ಟು ಮೇಲೇರುತ್ತದೆ. ಬಣ್ಣದ ಗಾಜಿನಿಂದ ಇಳಿಯುವ ಬೆಳಕು ಅದರ ಮೇಲೆ ಬೀಳುವಾಗ ಸುಮ್ಮನೆ ನಿಂತುಬಿಡಬೇಕು.

ಆದರೆ ನನ್ನ ಮನಸ್ಸು ಗುಮ್ಮಟದ ಮೇಲಲ್ಲ, ಅಂಚುಗಳ ಮೇಲೆ. ಕುರ್ಲಾದ ಕಲ್ಲು, ಪೋರಬಂದರಿನ ಕಲ್ಲು ತಂದರು. ಕೆತ್ತಲು ಬಂದವರಲ್ಲಿ ಪಕ್ಕದಲ್ಲೇ ಇದ್ದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು. ನವಿಲು, ಕೋತಿ, ಹಾವು, ಬಗೆಬಗೆಯ ಪೇಟಗಳ ತಲೆಗಳು: ಇವೆಲ್ಲ ಇಲ್ಲಿಯ ಕಣ್ಣು ಕಂಡಿದ್ದವು, ಇಲ್ಲಿಯ ಕೈ ಕಡೆದವು. ಬೇಲೂರಿನಲ್ಲಿ ಬಳ್ಳಿಯ ಸುರುಳಿಯೊಳಗೆ ಕೋತಿ ಇಣುಕುವುದನ್ನು ಕಂಡ ಕನ್ನಡಿಗನಿಗೆ ಇದು ಅನ್ಯರ ಮನೆ ಅನಿಸುವುದೇ ಇಲ್ಲ. ನಕ್ಷೆ ಆಳುವವರದು. ಆದರೆ ಆ ನಕ್ಷೆಗೆ ಜೀವ ತುಂಬಿದವರು ಕಲ್ಲುಕುಟಿಗರು. ನಾನು ಈ ಕಟ್ಟಡವನ್ನು ನಮ್ಮದು ಎನ್ನುವುದು ಆ ಹಕ್ಕಿನಿಂದ.

ಇನ್ನೊಂದು ಮಾತು. ಪಕ್ಕದಲ್ಲೇ ಇರುವ ಜನರಲ್ ಪೋಸ್ಟ್ ಆಫೀಸನ್ನೂ ನೋಡದೆ ಹೋಗಬೇಡಿ. 1913ರಲ್ಲಿ ಮುಗಿದ ಆ ಕಟ್ಟಡಕ್ಕೆ ಜಾನ್ ಬೆಗ್ ಮಾದರಿಯಾಗಿಟ್ಟುಕೊಂಡದ್ದು ನಮ್ಮ ವಿಜಯಪುರದ ಗೋಳಗುಮ್ಮಟವನ್ನು.

ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಹೊರಟದ್ದೂ ವಿ.ಟಿ.ಯಿಂದಲೇ, ಕುರ್ಲಾಕ್ಕೆ. 1929ರಲ್ಲಿ ದೂರದ ಗಾಡಿಗಳಿಗಾಗಿ ನಿಲ್ದಾಣ ಹಿಗ್ಗಿತು. ಈಗ 18 ಪ್ಲಾಟ್‌ಫಾರ್ಮ್‌ಗಳಿವೆ. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

2008ರ ನವೆಂಬರ್ 26ರ ರಾತ್ರಿ ಇಲ್ಲಿ ಭಯೋತ್ಪಾದಕರ ಬಂದೂಕಿನ ಸದ್ದು ಕೇಳಿತು. ದೂರದ ಗಾಡಿಗಳಿಗೆ ಕಾಯುತ್ತಾ ಗಂಟುಮೂಟೆಗಳ ಪಕ್ಕ ಕೂತಿದ್ದವರು ಸತ್ತರು, 50ಕ್ಕೂ ಹೆಚ್ಚು ಮಂದಿ. ಲೋಕಲ್‌ಗಳ ಕಡೆ ಇದ್ದ ಘೋಷಣೆಯ ಕೋಣೆಯಲ್ಲಿ ಅವತ್ತು ವಿಷ್ಣು ಝೇಂಡೆ ಎಂಬ ನೌಕರರು ಪಾಳಿಯಲ್ಲಿದ್ದರು. ಓಡಿಹೋಗದೆ ಮೈಕಿನ ಮುಂದೆಯೇ ಕೂತು, ಈ ಕಡೆ ಬರಬೇಡಿ, ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಗೆ ಹೋಗಿ ಎಂದು ಮತ್ತೆ ಮತ್ತೆ ಕೂಗಿ ಹೇಳಿದರು. ಆ ದನಿ ಕೇಳಿ ಎಷ್ಟೋ ಜನ ಉಳಿದರು. ಬರೀ ದನಿಯನ್ನೇ ನಂಬಿ ಮೈಕಿನ ಮುಂದೆ ಕೂತು ನಿಮ್ಮೊಡನೆ ಮಾತಾಡುತ್ತಿರುವ ನಾನು ಆ ಕೋಣೆಯ ಕೆಳಗೆ ಹಾದುಹೋಗುವಾಗ ಒಂದು ಗಳಿಗೆ ನಿಲ್ಲುತ್ತೇನೆ.

ಅಲ್ಲಿಂದ ಟಿಕೆಟ್ ಹಾಲಿಗೆ ಬನ್ನಿ. ಇಟಲಿಯ ಅಮೃತಶಿಲೆ, ನುಣುಪಾದ ಕಂಬಗಳು, ಕಮಾನುಗಳ ಮೇಲೆ ನೀಲಿ ಚಾವಣಿ, ಅದರ ತುಂಬ ಬಂಗಾರದ ಚುಕ್ಕಿಗಳು. ಅದಕ್ಕೇ ಸ್ಟಾರ್ ಚೇಂಬರ್ ಎಂದು ಹೆಸರು. ಕೆಳಗೆ ಮಾಮೂಲಿ ಕ್ಯೂ: ದಾದರಿಗೆ ಒಂದು, ಠಾಣೆಗೆ ಎರಡು, ರಿಟರ್ನ್. ಟಿಕೆಟ್ ತಗೊಂಡವರು ಚಿಲ್ಲರೆ ಎಣಿಸುತ್ತಾ ಪಕ್ಕಕ್ಕೆ ಸರಿಯುತ್ತಾರೆ. ನಿಮ್ಮ ಸರದಿ ಬರುವ ತನಕ ನೀವು ಮೇಲೆ ನೋಡುತ್ತಿರಿ.