ಊರು ಪಟ್ಟಣವಾದಾಗ ಊರ ಸಭೆ



ಈ ಹೊತ್ತು ನಾವು ವಿಚಾರಕ್ಕೆ ತೆಗೆದುಕೊಂಡಿರುವ ವಿಷಯ ಮೇಲುನೋಟಕ್ಕೆ ಬಹು ಸಣ್ಣದು. ಚರಂಡಿ, ಕೊಳಾಯಿ, ಬೀದಿಯ ದೀಪ, ಕಸದ ಗುಂಡಿ, ಮನೆಯ ಖಾತೆ, ಸ್ಮಶಾನದ ದಾರಿ: ಪಂಚಾಯಿತಿಯ ಮುಂದೆ ಬರತಕ್ಕ ವಿಷಯಗಳೆಂದರೆ ಇವೇ. ಸಾಮ್ರಾಜ್ಯಗಳ ಏಳುಬೀಳನ್ನು ಓದಿ ಚರ್ಚಿಸುವ ವಿದ್ಯಾವಂತರಿಗೆ ಇವುಗಳಲ್ಲಿ ರುಚಿ ಹುಟ್ಟುವುದು ಕಷ್ಟ. ಆದರೆ ಪ್ರಜೆಗೂ ಪ್ರಭುತ್ವಕ್ಕೂ ದಿನದಿನವೂ ಮುಖಾಮುಖಿಯಾಗುವುದು ರಾಜಧಾನಿಯ ವಿಧಾನಮಂಡಲದಲ್ಲಲ್ಲ. ಮನೆಯ ಮುಂದಿನ ಚರಂಡಿಯ ಬಳಿಯಲ್ಲಿ. ಆದಕಾರಣ ಈ ಸಣ್ಣ ವಿಷಯವನ್ನೇ ಹಿಡಿದು, ಮೈಸೂರಿಗೆ ಹೊಂದಿಕೊಂಡ ಒಂದು ಊರಿನ ನಿದರ್ಶನದಿಂದ, ಒಂದು ದೊಡ್ಡ ಪ್ರಶ್ನೆಯನ್ನು ಪರಿಶೀಲಿಸೋಣ.

ಆ ಊರು ಬೋಗಾದಿ. ಮೈಸೂರಿನ ಪಶ್ಚಿಮಕ್ಕೆ, ಮಾನಸಗಂಗೋತ್ರಿಯನ್ನು ದಾಟಿ ಗದ್ದಿಗೆಯ ಕಡೆಗೆ ಸಾಗುವ ರಸ್ತೆಯಲ್ಲಿ ಅದು ಇದೆ. ವಿಶ್ವವಿದ್ಯಾನಿಲಯವು 1960ರಲ್ಲಿ ಮಾನಸಗಂಗೋತ್ರಿಗೆ ಬಂದ ಕಾಲದಲ್ಲಿ ಬೋಗಾದಿ ಎಂದರೆ ನಗರದ ಹೊರಗಿನ ಹಳ್ಳಿ. ಆಮೇಲೆ ನಗರವೇ ಹಳ್ಳಿಯ ಬಳಿಗೆ ನಡೆದುಬಂತು. ಹೊರವರ್ತುಲ ರಸ್ತೆ ಬಂತು, ಹೊಲಗಳು ನಿವೇಶನಗಳಾದವು, ಅಧ್ಯಾಪಕರು, ಬ್ಯಾಂಕಿನ ನೌಕರರು, ವಿಜ್ಞಾನಿಗಳು ಮನೆ ಕಟ್ಟಿಕೊಂಡು ಬಂದರು. ಹೀಗೆ ಒಂದೇ ಹೆಸರಿನ ಕೆಳಗೆ ಎರಡು ಬೋಗಾದಿಗಳಾದವು. ಒಂದು ಹಳೆಯ ಊರು: ಅದರ ದೇವಸ್ಥಾನ, ಕೆರೆ, ಜಗಲಿ, ದನದ ಕೊಟ್ಟಿಗೆ. ಇನ್ನೊಂದು ಬಡಾವಣೆ: ಅದರ ಕಾಂಪೌಂಡು ಗೋಡೆ, ಅಡ್ಡರಸ್ತೆ, ಉದ್ಯಾನಕ್ಕೆಂದು ಬಿಟ್ಟ ಜಾಗ. ಇವೆರಡನ್ನೂ ಬಹುಕಾಲ ಒಂದೇ ಸೂರಿನಡಿ ಕೂಡಿಸಿಟ್ಟಿದ್ದ ಸಂಸ್ಥೆ ಎಂದರೆ ಗ್ರಾಮ ಪಂಚಾಯಿತಿ.

ಇಂಥ ನಗರದಂಚಿನ ಪಂಚಾಯಿತಿಯ ಪಾಡು ಸಾಮಾನ್ಯವಾದುದಲ್ಲ. ಹಳ್ಳಿಗೆಂದು ಹೊಲಿದ ಅಂಗಿಯನ್ನು ಪಟ್ಟಣದ ಮೈಗೆ ತೊಡಿಸಿದಂತೆ ಅದರ ಸ್ಥಿತಿ. ಖಾಸಗಿಯವರು ಬಡಾವಣೆಯನ್ನು ರಚಿಸುತ್ತಾರೆ, ನಗರಾಭಿವೃದ್ಧಿ ಪ್ರಾಧಿಕಾರ ನಕ್ಷೆಗೆ ಮಂಜೂರಾತಿ ಕೊಡುತ್ತದೆ, ನಿವೇಶನಗಳು ಮಾರಾಟವಾಗುತ್ತವೆ. ಆಮೇಲೆ ರಸ್ತೆ, ಚರಂಡಿ, ನೀರಿನ ತೊಟ್ಟಿಗಳನ್ನು ನೋಡಿಕೊಳ್ಳತಕ್ಕವರು ಯಾರೆಂಬ ಪ್ರಶ್ನೆ ಪಂಚಾಯಿತಿಯ ಬಾಗಿಲಿಗೆ ಬರುತ್ತದೆ. ಕಾವೇರಿಯ ನೀರು ನಗರದ ಎಲ್ಲೆಯವರೆಗೆ ಬಂದು ನಿಂತರೆ, ಅದರಾಚೆಗೆ ಕೊಳವೆಬಾವಿಯೇ ಗತಿ. ನಗರದ ಒಳಚರಂಡಿಗೆ ಕೂಡಿಕೊಳ್ಳದ ಮನೆಗಳ ಕೊಳಚೆ ಹಳ್ಳಕ್ಕೋ ಕೆರೆಗೋ ಹರಿಯುತ್ತದೆ. ಇನ್ನು ಖಾತೆಯ ಗೋಜು: ನಮೂನೆ 9 ಮತ್ತು ನಮೂನೆ 11 ಎಂಬ ಎರಡು ಕಾಗದಗಳಿಗಾಗಿ ಪಂಚಾಯಿತಿಯ ಮೆಟ್ಟಿಲನ್ನು ಹತ್ತಿ ಇಳಿಯದ ನಿವೇಶನದಾರನಿಲ್ಲ. ಇಷ್ಟು ಹೊರೆಯನ್ನು ಬೆರಳೆಣಿಕೆಯ ಸಿಬ್ಬಂದಿಯ ಸಂಸ್ಥೆ ಹೊರಲಾರದೆಂಬುದು ದಿಟ.

ಸಂವಿಧಾನಕ್ಕೆ ಈ ಕಷ್ಟ ತಿಳಿಯದುದೇನೂ ಅಲ್ಲ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳಲ್ಲಿ ಮೊದಲನೆಯದು ಹಳ್ಳಿಗಳಿಗೂ ಎರಡನೆಯದು ನಗರಗಳಿಗೂ ಸಂಬಂಧಪಟ್ಟವು. ಇವೆರಡರ ನಡುವೆ, ಹಳ್ಳಿತನವನ್ನು ಕಳೆದುಕೊಳ್ಳುತ್ತ ಪಟ್ಟಣತನವನ್ನು ಪೂರಾ ಪಡೆಯದಿರುವ ಸ್ಥಳಗಳಿಗೆ ಪ್ರತ್ಯೇಕವಾದ ಒಂದು ಸಂಸ್ಥೆಯನ್ನು ಸಂವಿಧಾನ ವಿಧಿಸಿದೆ. ನಮ್ಮ ರಾಜ್ಯದಲ್ಲಿ ಅದರ ಹೆಸರು ಪಟ್ಟಣ ಪಂಚಾಯಿತಿ. 1964ರ ಪುರಸಭೆಗಳ ಕಾಯಿದೆಯಂತೆ ಸಾಮಾನ್ಯವಾಗಿ 10,000ಕ್ಕೆ ಕಡಮೆಯಿಲ್ಲದ, 20,000ಕ್ಕೆ ಮೀರದ ಜನಸಂಖ್ಯೆಯ ಸ್ಥಳಗಳಿಗೆ ಅದು ಸಲ್ಲುತ್ತದೆ. 2020ರಲ್ಲಿ ಮೈಸೂರಿನ ಸುತ್ತಣ ಊರುಗಳಿಗೆ ಈ ಯೋಗ ಬಂತು. ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾದವು. ಅನಂತರ ಇವುಗಳನ್ನು ಮಹಾನಗರದೊಳಕ್ಕೆ ಸೇರಿಸಿಕೊಳ್ಳುವ ಯೋಜನೆಯೂ ಎದ್ದಿತು.

ಈ ಬದಲಾವಣೆಯಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಇಂಜಿನಿಯರು, ಆರೋಗ್ಯಾಧಿಕಾರಿ, ಒಳಚರಂಡಿಯ ಯೋಜನೆ, ಹೆಚ್ಚಿನ ಅನುದಾನ ಇವೆಲ್ಲ ಬೇಕಾದವೇ. ಆದರೆ ಲಾಭವನ್ನು ಎಣಿಸುವಾಗ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ಒಂದು ನಷ್ಟ ಬಡವನದು. 2005ರ ಉದ್ಯೋಗಖಾತರಿ ಕಾಯಿದೆ ಗ್ರಾಮಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿತ್ತು; ಊರು ಪಟ್ಟಣವೆನ್ನಿಸಿಕೊಂಡ ದಿನ ಹಳೆಯ ಊರಿನ ಕೂಲಿಗಾರನಿಗೆ ವರ್ಷಕ್ಕೆ ನೂರು ದಿನಗಳ ಕೆಲಸದ ಆ ಹಕ್ಕು ಕೈತಪ್ಪಿತು. ಎರಡನೆಯ ನಷ್ಟ ಬಡವ ಬಲ್ಲಿದರಿಬ್ಬರಿಗೂ ಸೇರಿದುದು. ಅದರ ಮಾತು ಎಲ್ಲಿಯೂ ಕೇಳಿಬರುವುದಿಲ್ಲವಾದ್ದರಿಂದ ಅದನ್ನೇ ನಾವು ಇಲ್ಲಿ ಮುಖ್ಯವಾಗಿ ಎತ್ತಿಕೊಂಡಿದ್ದೇವೆ. ಆ ನಷ್ಟವೆಂದರೆ ಗ್ರಾಮಸಭೆ.

ಗ್ರಾಮ ಪಂಚಾಯಿತಿ ಬೇರೆ, ಗ್ರಾಮಸಭೆ ಬೇರೆ. ಪಂಚಾಯಿತಿಯೆಂದರೆ ಚುನಾಯಿತರಾದ ಸದಸ್ಯರ ಕೂಟ. ನಾನೂರು ಜನಕ್ಕೆ ಒಬ್ಬರಂತೆ ಅವರು ಇರುತ್ತಾರೆ. ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಸಮಸ್ತರೂ. ಅಲ್ಲಿ ಕೂರುವುದಕ್ಕೆ ಯಾರ ಮತವೂ ಬೇಡ, ಯಾರ ದಯೆಯೂ ಬೇಡ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರತಕ್ಕದ್ದು. ಬಂದ ಹಣವೆಷ್ಟು, ಖರ್ಚಾದುದೆಷ್ಟು, ಯಾವ ಕೆಲಸ ಮೊದಲು, ಸರಕಾರದ ಮನೆ ಯಾರಿಗೆ, ಇವನ್ನೆಲ್ಲ ಅದರ ಮುಂದೆ ಇಡತಕ್ಕದ್ದು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು, ಲೆಕ್ಕದ ಪುಸ್ತಕಗಳನ್ನೂ ನಡೆದ ಕಾಮಗಾರಿಗಳನ್ನೂ ಜನರೆದುರು ತಾಳೆ ನೋಡತಕ್ಕದ್ದು. ಇದು ಹಳ್ಳಿಗೆ ಸಂವಿಧಾನ ಕೊಟ್ಟ ಗೌರವ. ಪಟ್ಟಣಕ್ಕೆ ಇದಕ್ಕೆ ಸಾಟಿಯಾದ ಸಭೆಯನ್ನು ಅದು ಕೊಟ್ಟಿಲ್ಲ. ವಾರ್ಡು ಸಮಿತಿಗಳನ್ನು ಅದು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ಅವೂ ಸಮಿತಿಗಳೇ ಹೊರತು ಸಮಸ್ತರ ಸಭೆಗಳಲ್ಲ. ಹೀಗೆ ಬೋಗಾದಿಯ ಗೃಹಸ್ಥನೊಬ್ಬನು 2020ರಲ್ಲಿ ಹಳ್ಳಿಗನೆಂಬ ಹೆಸರನ್ನು ಕಳೆದು ಪಟ್ಟಣಿಗನಾದಾಗ, ತನ್ನೂರಿನ ಲೆಕ್ಕವನ್ನು ಎದುರು ಕೂತು ಕೇಳುವ ಹಕ್ಕನ್ನೂ ಕಳಚಿಟ್ಟಂತಾಯಿತು. ಅದರ ಮೇಲೆ, ಹೊಸ ಸಂಸ್ಥೆಯ ಮೊದಲ ವರ್ಷಗಳು ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಕೆಳಗೇ ಕಳೆದವು. ಪಕ್ಕದ ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದಾಗ ಅಲ್ಲಿಯೂ ಹೀಗೆಯೇ ಆಯಿತು. ಸದಸ್ಯನೂ ಇಲ್ಲ, ಸಭೆಯೂ ಇಲ್ಲ. ಉಳಿದುದು ಅರ್ಜಿ ಒಂದೇ.

ಎದುರು ಕೂತು ಕೇಳುವುದು ಈ ನಾಡಿಗೆ ಹೊಸ ಪಾಠವಲ್ಲ. ನಮ್ಮ ಶಾಸನಗಳಲ್ಲಿ ಊರ ಮಹಾಜನರೂ ಗಾವುಂಡರೂ ಒಕ್ಕಲುಗಳೂ ಕೂಡಿ ಕೆರೆಗೆ ಬಿತ್ತುವಟ್ಟವನ್ನು ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ನೆರೆದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳಿಂದ ಬಂದವರು ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನೇ ಹೇಳಿಕೊಂಡರು. 1926ರಲ್ಲಿ ಗ್ರಾಮ ಪಂಚಾಯಿತಿಗಳಿಗೆಂದೇ ಪ್ರತ್ಯೇಕ ಶಾಸನವಾಯಿತು. 1983ರ ಕಾಯಿದೆಯಿಂದ ಮಂಡಲ ಪಂಚಾಯಿತಿಗಳು ಹುಟ್ಟಿದವು. ಊರೂರಿಗೆ ಕೊಳವೆಬಾವಿಯನ್ನು ಕೊಡಿಸಿ ನೀರ್‌ಸಾಬ್ ಎನ್ನಿಸಿಕೊಂಡ ಅಬ್ದುಲ್ ನಜೀರ್‌ಸಾಬರು ಅದರ ಬೆನ್ನೆಲುಬಾಗಿದ್ದರು. ಪಂಚಾಯಿತಿ ಸದಸ್ಯರಿಗೆ ತರಬೇತು ಕೊಡುವ, ಅವರ ಹೆಸರಿನ ಸಂಸ್ಥೆ ಮೈಸೂರಿನಲ್ಲಿಯೇ ಇದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ಹಗುರವಾದುದೂ ಅಲ್ಲ. ಹಳ್ಳಿಯ ಸಭೆಯನ್ನು ಇಷ್ಟೊಂದು ಕೊಂಡಾಡುವಿರಲ್ಲ, ಅಲ್ಲಿ ಮಾತಾಡುವವರು ಯಾರು? ಬಲವಿರುವ ಜಾತಿಯವನು, ಹಣವಿರುವವನು. ಮಿಕ್ಕವರು ದೂರ ನಿಲ್ಲುವರು, ಎಂದು ಕೇಳಬಹುದು. 1948ರ ನವೆಂಬರ್ 4ರಂದು ಸಂವಿಧಾನ ರಚನಾಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಗ್ರಾಮಗಣರಾಜ್ಯದ ಸ್ತೋತ್ರವನ್ನು ಖಂಡಿಸಿದುದು ಈ ಕಾರಣದಿಂದಲೇ. ಅವರ ಮಾತನ್ನು ಮರೆತು ಪಂಚಾಯಿತಿಯನ್ನು ಹೊಗಳತಕ್ಕವನು ಅರ್ಧ ಸತ್ಯವನ್ನು ಹೇಳಿದಂತೆ. ಆದರೆ ಆ ಕೊರತೆಗೆ ಮದ್ದು ಸಭೆಯನ್ನು ಮುಚ್ಚುವುದೋ, ಬಾಗಿಲನ್ನು ಅಗಲಮಾಡುವುದೋ? ಶಾಸನವು ಎರಡನೆಯ ದಾರಿಯನ್ನು ಹಿಡಿಯಿತು. ಪರಿಶಿಷ್ಟ ಜಾತಿ ವರ್ಗಗಳಿಗೆ ಸ್ಥಾನಗಳು ಮೀಸಲಾದವು. ಸ್ತ್ರೀಯರಿಗೆ 1983ರ ಕಾಯಿದೆಯಲ್ಲಿ ಶೇಕಡ 25, 1993ರಲ್ಲಿ ಮೂರನೆಯ ಒಂದು ಪಾಲು, 2010ರ ತಿದ್ದುಪಡಿಯಿಂದ ಅರ್ಧ ಪಾಲು. ಪಟೇಲ ಶ್ಯಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದವು. ಲೆಕ್ಕವನ್ನು ಗಟ್ಟಿಯಾಗಿ ಓದತಕ್ಕ ಕಡೆ, ಕೇಳುವವನ ಅಂತಸ್ತು ಎಷ್ಟೇ ಕಿರಿದಾಗಲಿ, ಅವನ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಕಚೇರಿಯ ಕಿಟಕಿಯಲ್ಲಿ ಒಬ್ಬೊಂಟಿಯಾಗಿ ನಿಂತು ಕೇಳಿದವನಿಗೆ ಆ ಬಲವಿಲ್ಲ.

ಸಭೆಯಿಂದ ಇನ್ನೊಂದು ಪ್ರಯೋಜನವಿದೆ. ಊರಿನ ಗ್ರಾಮನಕ್ಷೆಯನ್ನು ಬಿಡಿಸಿ ನೋಡಿದರೆ ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪು, ಗೋಮಾಳ, ಸ್ಮಶಾನಗಳು ಗುರುತಾಗಿರುತ್ತವೆ. ಇವುಗಳಲ್ಲಿ ಹಲವು ಸರ್ವೆಯ ದಾಖಲೆಯಲ್ಲಿ ‘ಬ’ ಖರಾಬು ಎಂದು, ಅಂದರೆ ಸಾರ್ವಜನಿಕರಿಗೆ ಸೇರಿದ ನೆಲವೆಂದು, ಬರೆಯಲ್ಪಟ್ಟಿರುತ್ತವೆ. ನಿವೇಶನದ ಬೆಲೆ ಏರಿದ ಕಡೆ ಮೊದಲು ಕಣ್ಮರೆಯಾಗುವವು ಇವೇ. ಬೇಸಗೆಯಲ್ಲಿ ಒಣಗಿ ನಿಂತ ಹಳ್ಳ, ಹೊಸಬನಿಗೆ ಬರಿಯ ತಗ್ಗು ನೆಲ. ಊರಿನ ಮುದುಕನಿಗೆ ಅದು ನೀರಿನ ದಾರಿ. ಹಳ್ಳವನ್ನು ಮುಚ್ಚಿ ಮನೆ ಕಟ್ಟಿದರೆ, ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದು ಹೊಸಬನ ನಡುಮನೆಯನ್ನು ಹೊಗುತ್ತದೆ. ಊರಿನವನಿಗೆ ನೆಲದ ನೆನಪಿದೆ. ಬಡಾವಣೆಯವನಿಗೆ ಕಾಗದ ಓದುವ, ಕಾನೂನು ಹೇಳುವ ಶಕ್ತಿಯಿದೆ. ಈ ಎರಡೂ ಒಂದೆಡೆ ಕೂಡಿದರೆ ಖರಾಬು ನೆಲ ಉಳಿದೀತು. ಕೂಡುವುದಕ್ಕೆ ಜಾಗವೇ ಇಲ್ಲದಿದ್ದರೆ ನೆನಪೂ ವ್ಯರ್ಥ, ಕಾನೂನೂ ವ್ಯರ್ಥ.

ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳಿವೆಯಲ್ಲವೆ, ಅವು ಸಾಲವೆ, ಎಂದು ಕೆಲವರು ಹೇಳಿಯಾರು. ಆ ಸಂಘಗಳು ಒಳ್ಳೆಯ ಕೆಲಸ ಮಾಡುತ್ತಿಲ್ಲವೆಂದಲ್ಲ. ಆದರೆ ಅವು ಮನೆ ಕಟ್ಟಿದವರ ಸಂಘಗಳು. ಬಾಡಿಗೆದಾರ, ಬೀದಿ ಗುಡಿಸುವವಳು, ಹಳೆಯ ಊರಿನ ಕೂಲಿಗಾರ, ಇವರಿಗೆ ಅಲ್ಲಿ ಚಾಪೆ ಹಾಸಿರುವುದಿಲ್ಲ. ತನ್ನ ಬೀದಿಯ ಕಸವನ್ನು ಎತ್ತಿಸಿದರೆ ಸಂಘಕ್ಕೆ ಸಮಾಧಾನ. ಆ ಕಸ ಯಾರ ಕೇರಿಯ ಪಕ್ಕದಲ್ಲಿ ಸುರಿಯಲ್ಪಟ್ಟಿತೆಂದು ಕೇಳುವವರು ಸಮಸ್ತರ ಸಭೆಯಲ್ಲಿ ಮಾತ್ರ ಸಿಗುತ್ತಾರೆ.

ಊರು ಬೆಳೆದರೆ ಸಭೆ ಅಳಿಯಲೇಬೇಕೆಂಬ ನಿಯಮವಿದೆಯೆ? ಇಂಗ್ಲೆಂಡಿನ ಸಂಗತಿಯನ್ನು ನೋಡೋಣ. ಅಲ್ಲಿ 1894ರ ಕಾಯಿದೆಯಿಂದ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲುಗಳು ಬಂದವು; ಅವುಗಳ ಜೊತೆಗೆ ಮತದಾರರೆಲ್ಲರ ಪ್ಯಾರಿಷ್ ಸಭೆಯೂ ಬಂತು. 1972ರ ಕಾಯಿದೆಯ ಪ್ರಕಾರ ಬೆಳೆದ ಪ್ಯಾರಿಷ್ ತನ್ನನ್ನು ಪಟ್ಟಣವೆಂದು ಕರೆದುಕೊಳ್ಳಬಹುದು. ಆಗ ಅದರ ಅಧ್ಯಕ್ಷನು ಪಟ್ಟಣದ ಮೇಯರು. ಆದರೆ ಮಾರ್ಚ್ 1ರಿಂದ ಜೂನ್ 1ರೊಳಗೆ ವರ್ಷಕ್ಕೊಮ್ಮೆ ಮತದಾರರೆಲ್ಲ ಸೇರುವ ಸಭೆ ನಿಲ್ಲುವುದಿಲ್ಲ; ಅದು ಪಟ್ಟಣದ ಸಭೆಯೆಂದು ಹೆಸರು ಬದಲಾಯಿಸಿಕೊಂಡು ಮುಂದುವರಿಯುತ್ತದೆ. ಆ ಸಭೆಗೆ ಅಧಿಕಾರ ಕಡಮೆ, ಬರುವ ಜನವೂ ಎಷ್ಟೋ ಸಲ ಕಡಮೆ. ಆದರೂ ಬಾಗಿಲು ತೆರೆದಿದೆ. ಪಟ್ಟಣವೆಂಬ ಗೌರವಕ್ಕೆ ಸಭೆಯನ್ನು ಬೆಲೆಯಾಗಿ ತೆರಬೇಕಾಗಿಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಮಾಡತಕ್ಕದ್ದೇನು? ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದ ಎಲ್ಲ ಕಡೆಯೂ ಅರ್ಧ ವರ್ಷಕ್ಕೊಮ್ಮೆ ವಾರ್ಡಿನ ಸಮಸ್ತ ಮತದಾರರ ಸಭೆ ಸೇರತಕ್ಕದ್ದು, ಲೆಕ್ಕವನ್ನು ಅದರ ಮುಂದೆ ಓದತಕ್ಕದ್ದು ಎಂದು ವಿಧಾನಮಂಡಲ ವಿಧಿಸಬಹುದು. ಊರನ್ನು ಮಹಾನಗರಕ್ಕೆ ಸೇರಿಸಿದರೂ ಈ ನಿಯಮ ಅದರ ಹಿಂದೆಯೇ ಹೋಗಬೇಕು. ಅಧಿಕಾರಿಯ ಆಡಳಿತವಿರುವ ಕಾಲದಲ್ಲಂತೂ ಇದು ಇಮ್ಮಡಿ ಅವಶ್ಯಕ. ಚುನಾಯಿತನು ಐದು ವರ್ಷಕ್ಕೊಮ್ಮೆಯಾದರೂ ಜನರ ಮುಂದೆ ನಿಲ್ಲುತ್ತಾನೆ, ಅಧಿಕಾರಿಗೆ ಆ ಹಂಗಿಲ್ಲ. ಆದರೆ ಶಾಸನ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಜನ ಸೇರಿ ಲೆಕ್ಕ ಕೇಳಬಾರದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಲೆಕ್ಕವನ್ನು ಕೇಳಿ ಪಡೆಯುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಮೊದಲು ಒಂದು ದಿನವನ್ನು ಗೊತ್ತುಮಾಡುವುದು, ಗ್ರಾಮನಕ್ಷೆಯ ಪ್ರತಿಯೊಂದನ್ನು ತರಿಸಿಡುವುದು, ಊರಿನವರಿಗೂ ಬಡಾವಣೆಯವರಿಗೂ ಒಂದೇ ಜಮಖಾನ ಹಾಸುವುದು. ಇಷ್ಟರಿಂದ ಕೆಲಸ ಆರಂಭವಾಗಬಹುದು.

ಕಲಿತವರು ಅಂಥ ಸಭೆಗೆ ಹೋಗಿ ಒಂದು ಸಂಜೆ ಕೂತರೆ, ಮೊದಲ ದಿನ ಗದ್ದಲವೇ ಕೇಳಿಸೀತು. ಎರಡನೆಯ ಸಲ ಆ ಗದ್ದಲದೊಳಗೆ ಒಬ್ಬ ಮುದುಕನು ಹಳ್ಳ ಎಲ್ಲಿ ಹರಿಯುತ್ತಿತ್ತೆಂದು ಹೇಳುವುದು ಕೇಳಿಸೀತು. ಅದನ್ನು ಬರೆದುಕೊಳ್ಳುವುದಕ್ಕೆ ಅಲ್ಲಿ ಒಬ್ಬ ವಿದ್ಯಾವಂತನಿರಬೇಕು.