ಕೆಲಸ ಬಿಡುವ ಮುಂಚೆ ತಿಳ್ಕೊಳ್ಳೋಣ



ಗೌರಿಬಿದನೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮಲ್ಲಿ ಕೆಲವರು ಬೇಸತ್ತು ಕೆಲಸ ಬಿಡ್ತೇವೆ. "ಇ.ಎಸ್.ಐ. ಇದೆಯಲ್ಲ, ನಿರುದ್ಯೋಗ ಭತ್ಯೆ ಸಿಗುತ್ತೆ" ಅಂದ್ಕೋತೇವೆ. ಆದರೆ 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂದದ್ದು ಕಾರ್ಖಾನೆ ಮುಚ್ಚಿ ಕೆಲಸ ಕಳಕೊಂಡಂಥವರಿಗೆ; ತಾವಾಗಿ ಬಿಟ್ಟವರಿಗಲ್ಲ. ಅದಕ್ಕೇ ಯಾರೋ ಒತ್ತಾಯ ಮಾಡಿದರು ಅಂತ ರಾಜೀನಾಮೆಗೆ, ಖಾಲಿ ಹಾಳೆಗೆ ಸಹಿ ಹಾಕಬಾರದು.

ಗ್ರಾಚ್ಯುಟಿ ಹಾಗಲ್ಲ. ಒಂದೇ ಕಡೆ ಐದು ವರ್ಷ ಸತತ ದುಡಿದಿದ್ದರೆ, ನಾವೇ ರಾಜೀನಾಮೆ ಕೊಟ್ಟರೂ ಅದು ನಮ್ಮ ಹಕ್ಕು. ತಿಂಗಳಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ 10,400 ರೂಪಾಯಿ ಇದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 6,000. ಆರು ವರ್ಷಕ್ಕೆ 36,000!

ಸಿಟ್ಟಿನಲ್ಲಿ ಮೊದಲೇ ಬಿಟ್ಟರೆ ಈ ಹಣ ಕೈತಪ್ಪೀತು. ಸೇರಿದ ತಾರೀಖು ನೋಡೋಣ, ಸಂಬಳದ ಚೀಟಿ ಜೋಪಾನ ಮಾಡೋಣ, ಸಂಘದಲ್ಲಿ ಒಂದು ಮಾತು ಕೇಳಿ ಆಮೇಲೆ ತೀರ್ಮಾನ ಮಾಡೋಣ.